ಪಾರ್ಸೆಲ್ ಇಲ್ಲ

ಗೋಳಿಬಜೆಯನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಮನೆಗೆ ತರಬಹುದು. ಬನ್ಸ್ ಆದರೆ ಮರುದಿನ ಬೆಳಗಿನ ಚಾಕ್ಕೂ ಒದಗುತ್ತದೆ. ಐಸ್‌ಕ್ರೀಮ್ ಮಾತ್ರ ನಮ್ಮ ಬಾಲ್ಯದಲ್ಲಿ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಮನೆಯಲ್ಲಿ ಫ್ರಿಜ್ ಇದ್ದವರು ಬೆರಳೆಣಿಕೆಯವರು. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಪೇಟೆಯಿಂದ ಗದ್ದೆ ಬದು ದಾಟಿ ಮನೆ ಮುಟ್ಟುವುದರೊಳಗೆ ಅದು ಬಣ್ಣದ ಹಾಲಾಗಿರುತ್ತಿತ್ತು. ಹಾಗಾಗಿ ನಾವೇ ಅದಿದ್ದಲ್ಲಿಗೆ ಹೋಗಬೇಕು, ಕೂರಬೇಕು, ಕಾಯಬೇಕು. ನಮ್ಮೂರ ಕೂಲ್‌ಬಾರಿನ ಮೇಲೆ ನನಗಿರುವ ಪ್ರೀತಿಯಲ್ಲಿ ಮುಕ್ಕಾಲು ಪಾಲು ಈ ಅನನುಕೂಲದಿಂದಲೇ ಹುಟ್ಟಿದ್ದು.

ಉಡುಪಿ ಮಂಗಳೂರುಗಳ ನಡುವೆ ಹೆದ್ದಾರಿಗೆ ಆತುಕೊಂಡಿರುವ ಪೇಟೆಗಳಲ್ಲಿ ನಮ್ಮದೂ ಒಂದು. ಕೂಲ್‌ಬಾರ್ ಇದ್ದದ್ದು ಬಸ್ಸು ನಿಲ್ಲುವಲ್ಲೇ. ಕೆಂಪು ಸಿಮೆಂಟಿನ ನೆಲ, ಸನ್‌ಮೈಕಾ ಮೇಜು, ಕಟಕಟ ಎನ್ನುವ ಫ್ಯಾನು. ಒಂದು ಬದಿಗೆ ಗೋಳಿಬಜೆ, ಬನ್ಸ್, ಕಟ್ಲೆಟ್ ಇಟ್ಟ ಗಾಜಿನ ಕಪಾಟು; ಇನ್ನೊಂದು ಬದಿಗೆ ಐಸ್‌ಕ್ರೀಮಿನ ಪೆಟ್ಟಿಗೆ. ಖಾರ ಇತ್ತ, ತಂಪು ಅತ್ತ, ನಡುವೆ ಗಲ್ಲಾ. ಅಲ್ಲಿ ಕೂತಿರುತ್ತಿದ್ದ ಕೊಂಕಣಿ ಮಾತಿನ ಯಜಮಾನರು ಊರಿಗೆಲ್ಲ ಮಾಮ. ಬಿಸಿ ಗೋಳಿಬಜೆಗೆ ಹಸಿಮೆಣಸಿನ ಚಟ್ನಿ ಹಚ್ಚಿ ತಿಂದು ಬಾಯಿ ಉರಿಸಿಕೊಂಡವರು ತಾವಾಗಿಯೇ ಪೆಟ್ಟಿಗೆಯತ್ತ ನೋಡುತ್ತಾರೆಂಬುದು ಮಾಮನ ವ್ಯಾಪಾರದ ಗುಟ್ಟು. ಇದೇ ಉಪಾಯ ಮುಂಬೈಯಲ್ಲೂ ಫಲಿಸಿತು. ಮುಲ್ಕಿ ಕಡೆಯ ರಘುನಂದನ ಕಾಮತರು 1984ರಲ್ಲಿ ಜುಹೂವಿನಲ್ಲಿ ‘ನ್ಯಾಚುರಲ್ಸ್’ ತೆರೆದಾಗ ಬರೀ ಐಸ್‌ಕ್ರೀಮ್ ನಂಬಿದರೆ ಆಗದೆಂದು ಜೊತೆಗೆ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಭಾಜಿಯ ಖಾರಕ್ಕೆ ಬಂದವರು ಹಣ್ಣಿನ ಐಸ್‌ಕ್ರೀಮಿಗೆ ಉಳಿದರು. ಪಾವ್‌ಭಾಜಿಯನ್ನು ಆಮೇಲೆ ಕೈಬಿಡಲಾಯಿತು. ನಮ್ಮ ಮಾಮ ಗೋಳಿಬಜೆ ಬಿಡಲಿಲ್ಲ. ಅದಕ್ಕೇ ಇರಬೇಕು, ಅವರು ನಮ್ಮ ಪೇಟೆಯಲ್ಲೇ ಉಳಿದರು.

ಕೂಲ್‌ಬಾರಿನ ರಾಜ ಗಡ್‌ಬಡ್. ಇದರ ಹುಟ್ಟೂರಿನ ಬಗ್ಗೆ ಕರಾವಳಿಯವರ ಮುಂದೆ ಬಾಯಿ ಬಿಡುವಾಗ ಅಕ್ಕಪಕ್ಕ ನೋಡಿಕೊಳ್ಳುವುದು ಒಳ್ಳೆಯದು. ಉಡುಪಿಯವರು ಡಯಾನಾ ಹೋಟೆಲಿನತ್ತ ಕೈ ತೋರಿಸುತ್ತಾರೆ. ಮಂಗಳೂರಿನವರಿಗೆ ಐಸ್‌ಕ್ರೀಮ್ ಎಂದರೆ 1975ರಲ್ಲಿ ಪ್ರಭಾಕರ ಕಾಮತರು ಮಾರ್ಕೆಟ್ ರಸ್ತೆಯಲ್ಲಿ ಶುರುಮಾಡಿದ ಐಡಿಯಲ್. ಅದರ ಗಡ್‌ಬಡ್ ತಿಂದವನಿಗೆ ಬೇರೆ ಇತಿಹಾಸ ಬೇಡ. ಇಬ್ಬರ ನಡುವಿನ ಊರಿನವನಾದ ನಾನು ಬಸ್ಸು ಯಾವ ದಿಕ್ಕಿಗೆ ಹೊರಟಿದೆಯೋ ಆ ಕಡೆಯವರ ಮಾತಿಗೆ ತಲೆಯಾಡಿಸುತ್ತೇನೆ.

ಮಾಮ ಗಡ್‌ಬಡ್ ಕಟ್ಟುವುದನ್ನು ನೋಡಬೇಕಿತ್ತು. ಉದ್ದನೆಯ ಗಾಜಿನ ಲೋಟದ ಅಡಿಗೆ ಕೆಂಪು ಜೆಲ್ಲಿ, ಅದರ ಮೇಲೆ ಹೆಚ್ಚಿದ ಬಾಳೆಹಣ್ಣು, ಪಪ್ಪಾಯಿ, ದ್ರಾಕ್ಷಿ. ಆಮೇಲೆ ವೆನಿಲಾದ ಉಂಡೆಯನ್ನು ಒತ್ತಿ ಕೂರಿಸಿ ಮತ್ತೆ ಹಣ್ಣು, ಅದರ ಮೇಲೆ ಸ್ಟ್ರಾಬೆರಿ, ಗೋಡಂಬಿ ಚೂರು, ಒಣದ್ರಾಕ್ಷಿ, ಟೂಟಿಫ್ರೂಟಿ. ತುದಿಗೆ ಪಿಸ್ತಾ, ಅದರ ನೆತ್ತಿಗೊಂದು ಚೆರ್ರಿ. ಪಿಸ್ತಾ ಮುಗಿದಿದ್ದರೆ ಮೊದಲೇ ಹೇಳುತ್ತಿದ್ದರು: “ಹಸಿರು ಇಲ್ಲ ಮಾರಾಯ್ರೇ, ಎರಡು ಕೆಂಪು ಹಾಕ್ತೇನೆ, ಆಗ್ತದಾ?” ಆಗುವುದಿಲ್ಲ ಎಂದವರನ್ನು ನಾನು ಕಂಡಿಲ್ಲ.

ತಿನ್ನುವುದರಲ್ಲಿ ಎರಡು ಪಂಥ. ಮೇಲಿನಿಂದ ಕೆಳಗೆ ಒಂದೊಂದೇ ಪದರ ಮುಗಿಸುತ್ತ ಹೋಗುವ ಶಿಸ್ತಿನವರು ಕೆಲವರು. ಮೊದಲಿಗೇ ಉದ್ದ ಚಮಚ ಅಡಿಯವರೆಗೆ ಇಳಿಸಿ ಕಲಸಿಬಿಡುವವರು ಇನ್ನು ಕೆಲವರು; ಅಕ್ಕ ಈ ಪಂಥದವಳು, ಅವಳ ಜೊತೆ ಒಂದೇ ಲೋಟ ಹಂಚಿಕೊಳ್ಳುವುದು ಶಿಕ್ಷೆ. ಕೊನೆಗೆ ಅಡಿಯಲ್ಲಿ ಉಳಿಯುವ ಕರಗಿದ ರಸ ಗಂಟಲು ಕಟ್ಟುವಷ್ಟು ಸಿಹಿ. ತಂಪಿಗೆ ಮರಗಟ್ಟಿದ ನಾಲಿಗೆಗೆ ಸಿಹಿ ಅಷ್ಟಾಗಿ ತಾಗುವುದಿಲ್ಲವಲ್ಲ, ಅದಕ್ಕೇ ಐಸ್‌ಕ್ರೀಮಿಗೆ ಸಕ್ಕರೆ ಸುರಿದಿರುತ್ತಾರೆ. ಕರಗಿದ ಮೇಲೆ ಗುಟ್ಟು ಬಯಲು.

ನಮ್ಮ ಕೂಲ್‌ಬಾರಿನದಕ್ಕೆ ಇನ್ನೊಂದು ವಿಶೇಷವಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆಯೊಳಗಿನದು ಒಂದಿಷ್ಟು ಕರಗಿ ಮತ್ತೆ ಗಟ್ಟಿಯಾಗುತ್ತಿತ್ತು. ಹಾಗಾದಾಗ ನೀರು ದೊಡ್ಡ ಹರಳಾಗಿ ಹೆಪ್ಪುಗಟ್ಟುತ್ತದೆ, ಹಲ್ಲಿಗೆ ಕರಕರ ಸಿಗುತ್ತದೆ. ಐಸ್‌ಕ್ರೀಮ್ ಮಾಡುವವರ ಕಣ್ಣಲ್ಲಿ ಇದು ದೋಷ. ನಮಗೆ ಐಸ್‌ಕ್ರೀಮ್ ಎಂದರೆ ಹಾಗೇ ಇರಬೇಕು. ಈಗ ದೊಡ್ಡ ಅಂಗಡಿಗಳಲ್ಲಿ ಬೆಣ್ಣೆಯಷ್ಟು ನಯವಾದದ್ದನ್ನು ಕೊಟ್ಟಾಗ ಎಲ್ಲ ಸರಿಯಿದೆ ಅನ್ನಿಸಿಯೂ ಹಲ್ಲು ಸುಮ್ಮನೆ ಏನನ್ನೋ ಹುಡುಕುತ್ತಿರುತ್ತದೆ.

ಮೇ ತಿಂಗಳಲ್ಲಿ ಬೊಂಬಾಯಿಯವರು ಬರುತ್ತಿದ್ದರು. ವರ್ಷಪೂರ್ತಿ ಐಸ್‌ಕ್ಯಾಂಡಿಯಲ್ಲಿ ತೃಪ್ತರಾಗಿದ್ದ ನಮ್ಮನ್ನು ಗಡ್‌ಬಡ್ಡಿಗೆ ಕರೆದೊಯ್ಯುವ ಯೋಗ್ಯತೆ ಇದ್ದದ್ದು ಹೋಟೆಲ್ ಲೈನಿನಲ್ಲಿದ್ದ ಅವರಿಗೇ. ಕೂಲ್‌ಬಾರಿನಲ್ಲಿ ಕೂತವರನ್ನು ಬಸ್ಸಿನ ಕಿಟಕಿಯಿಂದ ಇಡೀ ಊರು ನೋಡುತ್ತಿತ್ತು. ಯಾರ ಮಗಳು ಯಾರ ಎದುರು ಕೂತಿದ್ದಳು, ಹತ್ತನೇ ಕ್ಲಾಸು ಯಾರಿಗೆ ಪಾಸಾಯಿತು ಎಂಬುದೆಲ್ಲ ಹೀಗೆಯೇ ತಿಳಿಯುವುದು. ಮನೆಗೆ ಒಯ್ಯಲಾಗುವ ತಿಂಡಿಗೆ ಈ ವೈಭವವಿಲ್ಲ. ಮಳೆ ಹಿಡಿದು ಆಟಿ ಬಂತೆಂದರೆ ಪೆಟ್ಟಿಗೆ ಖಾಲಿ, ಗೋಳಿಬಜೆಗೇ ಪಟ್ಟ.

ನಮ್ಮ ಅಜ್ಜಿ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಅನ್ನ ಬೇಯಿಸಿದ ಕೈ ಯಾರದೋ ಏನೋ ಎಂಬ ಮಡಿ. ಒಮ್ಮೆ ಬ್ಯಾಂಕಿನಿಂದ ಬರುವಾಗ ಬಿಸಿಲು ತಾಳಲಾರದೆ ಕೂಲ್‌ಬಾರಿನ ಬೆಂಚಿನಲ್ಲಿ ಕೂತಳು. ಬೇಯಿಸಿದ್ದಲ್ಲ, ಉಪ್ಪು ಬಿದ್ದಿಲ್ಲ, ಹಾಲು ಹಣ್ಣು ಮಾತ್ರ ಎಂದು ತಾನೇ ಶಾಸ್ತ್ರ ನೋಡಿ ತೀರ್ಪು ಕೊಟ್ಟು ಗಡ್‌ಬಡ್ ತರಿಸಿದಳು. “ಜೆಲ್ಲಿ ಚೈನಾಗ್ರಾಸಿನದ್ದು ಅಮ್ಮ” ಎಂದು ಮಾಮ ಕೇಳದೆಯೇ ಧೈರ್ಯ ಹೇಳಿದರು. ಹಾಲು ಕುದಿಯದೆ ಐಸ್‌ಕ್ರೀಮ್ ಆಗುವುದಿಲ್ಲವೆಂಬುದನ್ನು ಇಬ್ಬರೂ ಎತ್ತಲಿಲ್ಲ. ಪ್ರತಿ ತಿಂಗಳ ಪಿಂಚಣಿಯಲ್ಲಿ ಆಮೇಲೆ ಗಡ್‌ಬಡ್ಡಿನ ಬಾಬ್ತೊಂದು ಸೇರಿತು.

ಹೆದ್ದಾರಿಯ ನಂಬರು 17 ಇದ್ದದ್ದು 66 ಆಯಿತು, ಆಮೇಲೆ ರಸ್ತೆ ಚತುಷ್ಪಥವಾಯಿತು. ಕೂಲ್‌ಬಾರ್ ಇದ್ದ ಜಾಗದಲ್ಲಿ ಈಗ ಸರ್ವಿಸ್ ರೋಡು. ಹೋದ ಸಲ ಊರಿಗೆ ಹೋದಾಗ ಮಾಮನ ಮಗ ಆಚೆ ಬದಿಯಲ್ಲಿ ಕಿಷ್ಕಿಂಧೆಯಂಥ ಅಂಗಡಿ ಇಟ್ಟಿರುವುದು ಕಂಡಿತು. ಗೋಡೆ ತುಂಬ ಬರ್ಗರಿನ ಚಿತ್ರ. ಫ್ರಿಜ್ಜಿನಲ್ಲಿ ಕಂಪನಿಯ ಡಬ್ಬಗಳು. ಕೆಲವದರ ಮೇಲೆ ಫ್ರೋಜನ್ ಡೆಸರ್ಟ್ ಎಂದಿದೆ, ಅಂದರೆ ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು.

“ಗಡ್‌ಬಡ್ ಮಾಡುದಿಲ್ವಾ?” ಎಂದೆ.

“ಕೂತು ತಿನ್ಲಿಕ್ಕೆ ಜಾಗ ಎಲ್ಲುಂಟು ಅಣ್ಣ? ಪಾರ್ಸೆಲ್ ಕೇಳ್ತಾರೆ, ಡಬ್ಬದಲ್ಲಿ ಕೊಟ್ರೆ ಮನೆ ಮುಟ್ಟುವಾಗ ಎಲ್ಲ ಒಂದೇ ಬಣ್ಣ. ಅಪ್ಪ ಬೈತಾರೆ. ಬರ್ಗರ್ ಕೊಡ್ಲಾ?”

ಕೊಡು ಎಂದೆ. ಬನ್ನಿನ ನಡುವೆ ಇದ್ದದ್ದು ಮಾಮನ ಕಾಲದ್ದೇ ಕಟ್ಲೆಟ್, ಅದೇ ಹಸಿಮೆಣಸಿನ ಖಾರ. ಸಾಸ್ ಸ್ವಲ್ಪ ಜಾಸ್ತಿಯಾಗಿತ್ತು. ಅರ್ಧ ಮುಗಿಸುವುದರೊಳಗೆ ನಾನೂ ಫ್ರಿಜ್ಜಿನ ಕಡೆ ನೋಡಿದೆ. ಅವನು ಆಗಲೇ ಅದರ ಬಾಗಿಲು ತೆರೆದು ನಿಂತಿದ್ದ.