ಇಳಿಯುವ ದಾರಿಯ ಲೆಕ್ಕ

ಪ್ರವಾಸದ ಸುಖದಲ್ಲಿ ಅರ್ಧಭಾಗವನ್ನು ಹೊರಡುವ ಮುನ್ನವೇ ಅನುಭವಿಸಿ ಮುಗಿಸಿರುತ್ತೇವೆಂದು ಬಲ್ಲವರು ಹೇಳುವುದುಂಟು. ವೈಟ್‌ಫೀಲ್ಡಿನ ಆ ಮನೆಯಲ್ಲಿ ಈ ಅರ್ಧಭಾಗವೇ ಎರಡು ತಿಂಗಳು ನಡೆಯಿತು. ಮಗ, ಸೊಸೆ ಇಬ್ಬರೂ ಅಲ್ಲಿಯ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಉದ್ಯೋಗಸ್ಥರು. ತಂದೆಯವರು ಪೀಣ್ಯದ ಯಂತ್ರಾಗಾರವೊಂದರಲ್ಲಿ 32 ವರ್ಷ ದುಡಿದು ನಿವೃತ್ತರಾದವರು; ದಾಸರಹಳ್ಳಿಯ ಸ್ವಂತ ಮನೆಯನ್ನು ಬಿಟ್ಟುಬರಲು ಒಪ್ಪದವರು. ಪ್ರತಿ ಭಾನುವಾರ ಪತ್ನಿಯೊಡನೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು, ಮೊಮ್ಮಗಳೊಡನೆ ಊಟಮಾಡಿ ಹಿಂದಿರುಗುವುದು ಅವರಿಗೆ ವ್ರತದಂತೆ ನಡೆದುಬಂದಿತ್ತು.

ಅಂಥ ಒಂದು ಭಾನುವಾರ ಕ್ರೀಟ್ ದ್ವೀಪದ ಮಾತು ಬಂದಿತು. ಗ್ರೀಸ್ ದೇಶಕ್ಕೆ ಸೇರಿದ ಆ ದ್ವೀಪದಲ್ಲಿ ಸಮರಿಯಾ ಎಂಬ ಕಮರಿಯೊಂದಿದೆ. ಒಮಾಲೋಸ್ ಎಂಬ ಎತ್ತರದ ಬಯಲಿನ ಅಂಚಿನಲ್ಲಿ, ಸಮುದ್ರಮಟ್ಟದಿಂದ 1200 ಮೀಟರಿಗೂ ಮೇಲೆ ಹೆಜ್ಜೆ ಇಟ್ಟರೆ, 16 ಕಿಲೋಮೀಟರ್ ನಡೆದು ಲಿಬಿಯಾ ಸಮುದ್ರದ ದಂಡೆಯಲ್ಲಿ ಹೆಜ್ಜೆ ತೆಗೆಯಬೇಕು. ನಡುವೆ ಸಮರಿಯಾ ಎಂಬ ಹಳ್ಳಿಯೂ ಉಂಟು. 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನವಾಗಿಸಿದಾಗ ಅಲ್ಲಿಯ ಒಕ್ಕಲನ್ನೆಲ್ಲ ಎಬ್ಬಿಸಿದರು, ಈಗ ಕಲ್ಲಿನ ಮನೆಗಳು ಮಾತ್ರ ನಿಂತಿವೆ. ಕಾಡುಮೇಕೆಯ ಒಂದು ಜಾತಿ, 'ಕ್ರಿ-ಕ್ರಿ' ಎಂದು ಅದರ ಹೆಸರು, ಆ ಬಂಡೆಗಳ ಮೇಲೆ ನೆಗೆದಾಡುತ್ತದೆಯಂತೆ. ಮೇಕೆ ಎಂದೊಡನೆ ತಂದೆಯವರ ಕಿವಿ ನೆಟ್ಟಗಾಯಿತು. ಹುಲಿಗೆ ಹೆದರಿದ ಮೇಕೆ ಕಾವೇರಿಯನ್ನೇ ಹಾರಿತೆಂಬ ಮೇಕೆದಾಟಿಗೆ ಅವರು ಯೌವನದಲ್ಲಿ ಸಂಗಮದಿಂದ ಅರ್ಕಾವತಿಯನ್ನು ಹಾಯ್ದು ನಡೆದುಹೋದವರು. "ನಾನೂ ಬರುತ್ತೇನೆ," ಎಂದುಬಿಟ್ಟರು. ವಯಸ್ಸು 69.

ತಾಯಿಯವರು ಬಟ್ಟಲಿಗೆ ಸಾರು ಬಡಿಸುತ್ತಾ, "ನೀವೆಲ್ಲ ಇಳಿದು ಬನ್ನಿ, ನಾನು ಸಮುದ್ರದ ದಂಡೆಯಲ್ಲಿ ಕೂತಿರುತ್ತೇನೆ," ಎಂದರು. ಎಲ್ಲರೂ ನಕ್ಕರು.

ಸೊಸೆ ಯೋಜನೆಯನ್ನು ಕೈಗೆತ್ತಿಕೊಂಡಳು. ಕಚೇರಿಯ ಅಭ್ಯಾಸದಂತೆ ಕಂಪ್ಯೂಟರಿನಲ್ಲಿ ಕೋಷ್ಟಕವೊಂದು ಸಿದ್ಧವಾಯಿತು. ಮೊದಲನೆಯ ತೊಡಕು ಶಾಲೆಯದು. ಕಮರಿಯ ಬಾಗಿಲು ಸಾಮಾನ್ಯವಾಗಿ ಮೇ 1ರಂದು ತೆರೆದು ಅಕ್ಟೋಬರ್ ಕೊನೆಯಲ್ಲಿ ಮುಚ್ಚುತ್ತದೆ. ಮಳೆಗಾಲ ನಮ್ಮಲ್ಲಿ ಜೂನಿನಲ್ಲಾದರೆ ಅವರಲ್ಲಿ ಚಳಿಗಾಲದಲ್ಲಿ, ಆಗ ಕಮರಿಯ ತಳದಲ್ಲಿ ಹೊಳೆಯದೇ ಅಧಿಕಾರ. ಜುಲೈ, ಆಗಸ್ಟ್ ತಿಂಗಳ ಬಿಸಿಲು ವೃದ್ಧರಿಗೆ ತಕ್ಕುದಲ್ಲ. ಆದ್ದರಿಂದ ಬೇಸಿಗೆ ರಜೆಯ ಬಾಲವಾದ ಮೇ ತಿಂಗಳು, ಇಲ್ಲವೆ ದಸರಾ ರಜೆ, ಎರಡರಲ್ಲೊಂದು. ಮೇ ಆದರೆ ಹೊಳೆಯ ನೀರು ಇಳಿಯದೆ ಬಾಗಿಲು ತೆರೆಯುವುದು ತಡವಾಗಲೂಬಹುದು. ದಸರಾ ಎಂದೇ ಗೊತ್ತಾಯಿತು. ಬೊಂಬೆ ಕೂರಿಸುವುದು ತಪ್ಪುತ್ತದಲ್ಲಾ ಎಂದು ಮೊಮ್ಮಗಳು ಒಂದು ಗಳಿಗೆ ಮುಖ ಸಣ್ಣಗೆ ಮಾಡಿದಳು, ಅಷ್ಟೆ. ವೀಸಾ, ತಲೆಗೆ 30,000 ಯೂರೋವಿನ ವೈದ್ಯಕೀಯ ವಿಮೆ, ಬ್ಯಾಂಕಿನ ಕಾಗದಗಳು, ಇವು ದುಡ್ಡು ಕೊಟ್ಟರೆ ಆಗುವ ಕೆಲಸಗಳು, ವಿವರಿಸಿ ಫಲವಿಲ್ಲ.

ದುಡ್ಡಿಗೆ ಜಗ್ಗದ ತೊಡಕು ಒಂದೇ, ತಂದೆಯವರ ಮೊಣಕಾಲು. ಕಮರಿಯ ದಾರಿಯ ಸ್ವಭಾವವೇ ಬೇರೆ. ಬೆಟ್ಟ ಹತ್ತುವವನಿಗೆ ದಣಿದಲ್ಲಿ ಹಿಂದಿರುಗುವ ಸ್ವಾತಂತ್ರ್ಯವಿರುತ್ತದೆ, ಹಿಂದಿರುಗುವುದೆಂದರೆ ಇಳಿಜಾರು. ಕಮರಿ ಇಳಿದವನಿಗಾದರೋ ಹಿಂದಿರುಗುವುದೆಂದರೆ ಏರು. ಸಮರಿಯಾದಲ್ಲಿ ಬಹುಪಾಲು ಇಳಿತವೆಲ್ಲ ಮೊದಲ ಮೂರು ನಾಲ್ಕು ಕಿಲೋಮೀಟರಿನಲ್ಲೇ. ಆ ಮೆಟ್ಟಿಲುದಾರಿಯ ಹೆಸರು 'ಕ್ಸಿಲೋಸ್ಕಾಲೋ', ಮರದ ಏಣಿ ಎಂದರ್ಥ. ಒಳಗೆ ವಾಹನದ ರಸ್ತೆಯಿಲ್ಲ. ನಡೆಯಲಾಗದವರನ್ನು ಹೇಸರಗತ್ತೆಯ ಬೆನ್ನಿಗೆ ಏರಿಸಬೇಕಾಗುತ್ತದೆ. ಕೆಳಗಿನ ಆಗಿಯಾ ರುಮೇಲಿ ಎಂಬ ಹಳ್ಳಿಗೂ ರಸ್ತೆಯಿಲ್ಲದ ಕಾರಣ, ಅಲ್ಲಿಂದ ಹೊರಬೀಳಲು ಸಂಜೆಯ ದೋಣಿಯೇ ಗತಿ. ಐದರಿಂದ ಏಳು ಗಂಟೆಯ ನಡಿಗೆ. ತಡವಾದರೆ ದೋಣಿ ಕಾಯುವುದಿಲ್ಲ.

ಮಗನಿಗೆ ತಂದೆಯನ್ನು ಬೇಡವೆನ್ನಲು ಬಾಯಿ ಬಾರದು. ತಂದೆಗೆ ಬೇಡವೆನಿಸಿಕೊಳ್ಳುವ ಅಭ್ಯಾಸವಿಲ್ಲ. ಕೋಷ್ಟಕದ ಒಂದು ಮನೆ ಹೀಗೆ ನಾಲ್ಕು ಭಾನುವಾರ ಖಾಲಿ ಉಳಿಯಿತು. ಮಾತು ಆ ಮನೆಯ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಕಾಫಿ ತರಲು ಏಳುತ್ತಿದ್ದರು.

ಐದನೆಯ ವಾರ ತಂದೆಯವರೇ, "ನಂದಿಬೆಟ್ಟದಲ್ಲಿ ಪರೀಕ್ಷೆಯಾಗಲಿ," ಎಂದರು. ಅರ್ಕಾವತಿ ಹುಟ್ಟುವ ಬೆಟ್ಟವದು. ಸುಲ್ತಾನಪೇಟೆಯ ಕಡೆಯಿಂದ 1175 ಮೆಟ್ಟಿಲುಗಳ ಹಳೆಯ ದಾರಿಯುಂಟು. ನಸುಕಿನಲ್ಲಿ ಮೂವರೂ ಹತ್ತಿದರು. ಹತ್ತುವಾಗ ಮುದುಕರೇ ಮುಂದು. ಸದಾ ಕುರ್ಚಿಯಲ್ಲಿ ಕುಳಿತು ದುಡಿಯುವ ಮಗ ಎರಡು ಕಡೆ ಕುಳಿತು ಸುಧಾರಿಸಿಕೊಂಡ. ಮೇಲೆ ಇಡ್ಲಿಯ ಬುತ್ತಿ ಬಿಚ್ಚಿದಾಗ ಗೆದ್ದವರ ಗತ್ತು ಅವರದು.

ಇಳಿಯುವಾಗ ಮಾತು ನಿಂತಿತು. ನೂರು ಮೆಟ್ಟಿಲಿಗೊಮ್ಮೆ ಅವರು ಗಡಿಯಾರ ನೋಡಿ ಸಣ್ಣ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಯಂತ್ರದ ಬಿಡಿಭಾಗವನ್ನು ಕೂದಲೆಳೆಯ ಅಂತರಕ್ಕೆ ಅಳೆದು, ಅಳತೆಗೆ ಬಾರದ್ದನ್ನು ಒಂದೂ ಮಾತಿಲ್ಲದೆ ಪಕ್ಕಕ್ಕಿಡುತ್ತಿದ್ದ ಕೈ ಅದು. ಮೊದಲ ನೂರಕ್ಕೆ ನಾಲ್ಕು ನಿಮಿಷ ಹಿಡಿದದ್ದು ಕೊನೆಯ ನೂರಕ್ಕೆ ಹತ್ತಾಯಿತು. ಕೆಳಗೆ ಬಂದು ಕಾರಿನ ಬಾಗಿಲು ಹಿಡಿದು ನಿಂತವರು ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟು, "ನೋಡಮ್ಮ, ನಾನು ಆ ಏಣಿ ಇಳಿಯಬಲ್ಲೆ. ಇಳಿದ ಮೇಲೆ ಹನ್ನೆರಡು ಕಿಲೋಮೀಟರ್ ನಡೆಯಲಾರೆ. ನನ್ನಿಂದ ನಿಮಗೆ ದೋಣಿ ತಪ್ಪೀತು," ಎಂದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ದೇವನಹಳ್ಳಿ ದಾಟುವವರೆಗೆ ಯಾರೂ ಬಾಯಿ ಬಿಡಲಿಲ್ಲ.

ಊಟದ ಹೊತ್ತಿಗೆ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ, ಆ ಹಳ್ಳಿಗೆ ರಸ್ತೆಯೇ ಇಲ್ಲವೆಂದಿರಿ. ಹಾಗಾದರೆ ನಾನು ದಂಡೆಯಲ್ಲಿ ಕೂರುವುದು ಹೇಗೆ?"

ಸೊಸೆ ಕೋಷ್ಟಕವನ್ನು ತೆರೆದಳು. ಎರಡು ತಿಂಗಳ ದುಡಿಮೆಯ ಆ ಕೋಷ್ಟಕದಲ್ಲಿ ಅತ್ತೆಯವರ ವಿಮಾನವಿತ್ತು, ವಿಮೆಯಿತ್ತು, ಸಪ್ಪೆ ಊಟದ ಏರ್ಪಾಡೂ ಇತ್ತು. ಕಮರಿಯ ದಿನ ಅವರೆಲ್ಲಿರುವರೆಂಬುದಕ್ಕೆ ಮನೆಯೇ ಇರಲಿಲ್ಲ. ಯೋಜನೆ ಹಾಕುವವರು ನಡೆಯುವವರನ್ನು ಎಣಿಸುತ್ತಾರೆ, ಕಾಯುವವರನ್ನು ಯಾರು ಎಣಿಸುತ್ತಾರೆ! ಅಂದು ಸಂಜೆಯೆಲ್ಲ ಹುಡುಕಿದ ಮೇಲೆ ಉತ್ತರ ದೊರೆಯಿತು. ಹೋರಾ ಸ್ಫಾಕಿಯೋನ್ ಎಂಬ ಕರಾವಳಿಯ ಊರಿನಿಂದ ಆಗಿಯಾ ರುಮೇಲಿಗೆ ದೋಣಿಯುಂಟು. ಅಲ್ಲಿ ಇಳಿದವರು ಕಮರಿಯೊಳಕ್ಕೆ ಕೆಳಗಿನಿಂದಲೇ ನಡೆಯಬಹುದು. ಮುನ್ನೂರು ಮೀಟರ್ ಎತ್ತರದ ಗೋಡೆಗಳು ಒಂದನ್ನೊಂದು ಸಮೀಪಿಸಿ, ನಡುವೆ ಮೂರು ನಾಲ್ಕು ಮೀಟರ್ ಮಾತ್ರ ಬಿಡುವ 'ಕಬ್ಬಿಣದ ಬಾಗಿಲು' ಎಂಬ ಜಾಗ ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರ; ಏರು ಅಲ್ಪವೇ.

"ಸಂಗಮದಿಂದ ಮೇಕೆದಾಟಿನಷ್ಟೇ ಆಯಿತು," ಎಂದರು ತಂದೆಯವರು. ಅವರ ದನಿಗೆ ಕಸುವು ಮರಳಿತ್ತು.

ಹೀಗೆ ಮಗ, ಸೊಸೆ, ಮೊಮ್ಮಗಳು ಮೇಲಿನಿಂದ ಇಳಿಯುವುದು, ಹಿರಿಯರಿಬ್ಬರೂ ದೋಣಿಯಲ್ಲಿ ಬಂದು ಕೆಳಗಿನಿಂದ ಏರುವುದು, ಕಬ್ಬಿಣದ ಬಾಗಿಲಿನಲ್ಲಿ ಐವರೂ ಕೂಡುವುದು ಎಂದು ನಿಶ್ಚಯವಾಯಿತು. ಪುಳಿಯೋಗರೆಯ ಬುತ್ತಿ ದೋಣಿಯವರ ಪಾಲಿಗೆ. ಸೊಸೆ ಕೋಷ್ಟಕದಲ್ಲಿ 'ಮಧ್ಯಾಹ್ನ 1 ಗಂಟೆ' ಎಂದು ಬರೆದಳು. ಮಾವನವರು ಕನ್ನಡಕವೇರಿಸಿ ನೋಡಿ, ಅದನ್ನು ಒಂದೂವರೆ ಮಾಡಿಸಿದರು.

"ನಿನ್ನ ಗಂಡ ಎರಡು ಕಡೆ ಕುಳಿತುಕೊಳ್ಳುತ್ತಾನಲ್ಲ," ಎಂದರು.