ಮದುವೆ ಮನೆಯಿಂದ ಹೊರಟ ತೋಳಗಳು

ನಾವು ಓದಿದ್ದು ಪತ್ರಿಕೋದ್ಯಮ. ರಾಗ, ತಾಳ, ಸ್ವರದ ಲೆಕ್ಕ ನಮಗೆ ಅಷ್ಟಕ್ಕಷ್ಟೇ. ಆದರೂ ಈ ಸಲ ಒಂದು ಬ್ಯಾಂಡಿನ ಕತೆ ಹೇಳುತ್ತೇವೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದ ಹುಡುಗರು ಕಟ್ಟಿದ ಬ್ಯಾಂಡು ಅದು. ಹೆಸರು ಲಾಸ್ ಲೋಬೋಸ್. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ತೋಳಗಳು. ಹೆಸರು ನಿಮಗೆ ಹೊಸದಿರಬಹುದು. ಆದರೆ ಅವರು ಹಾಡಿದ 'ಲಾ ಬಾಂಬಾ' ಯಾವುದೋ ಒಂದು ರೀಲ್ಸಿನಲ್ಲಾದರೂ ನಿಮ್ಮ ಕಿವಿಗೆ ಬಿದ್ದಿರಬಹುದು.

ಈ ಬ್ಯಾಂಡು ನಮಗೆ ಸಿಕ್ಕಿದ್ದು ಹಾಡಿನ ದಾರಿಯಲ್ಲಲ್ಲ, ಸುದ್ದಿಯ ದಾರಿಯಲ್ಲಿ. ನಾವು ಓದುತ್ತಿದ್ದಾಗ ರೂಬೆನ್ ಸಾಲಜಾರ್ ಎಂಬ ಪತ್ರಕರ್ತನ ಬಗ್ಗೆ ತಿಳಿಯಿತು. ಮೆಕ್ಸಿಕೊದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆತ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ತನ್ನ ಜನರ ಬದುಕನ್ನು ಬರೆಯುತ್ತಿದ್ದ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಆ ಪೂರ್ವ ಭಾಗದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಅದರ ವರದಿಗೆ ಹೋಗಿದ್ದ ಸಾಲಜಾರ್ ಒಂದು ಬಾರಿನೊಳಗೆ ಕುಳಿತಿದ್ದಾಗ, ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತ. ಆಗ ಅವನಿಗೆ 42 ವರ್ಷ. ಆ ಬೀದಿಗಳಲ್ಲಿ ಯಾರು ಬದುಕುತ್ತಿದ್ದರು, ಏನು ಉಣ್ಣುತ್ತಿದ್ದರು, ಏನು ಹಾಡುತ್ತಿದ್ದರು ಎಂದು ಹುಡುಕುತ್ತ ಹೋದಾಗ ಸಿಕ್ಕಿದವರು ಈ ತೋಳಗಳು. ಸಾಲಜಾರ್ ಸತ್ತ ವರ್ಷ ಇವರೆಲ್ಲ ಅಲ್ಲಿಯ ಹುಡುಗರು.

ಮೊದಲು ಊರಿನ ಬಗ್ಗೆ ಎರಡು ಮಾತು. ಕ್ಯಾಲಿಫೋರ್ನಿಯಾ 1848ರವರೆಗೆ ಮೆಕ್ಸಿಕೊ ದೇಶದ್ದೇ ಆಗಿತ್ತು. ಯುದ್ಧದಲ್ಲಿ ಸೋತ ಮೇಲೆ ಅದು ಅಮೆರಿಕಕ್ಕೆ ಸೇರಿತು. ಅಲ್ಲೇ ಇದ್ದ ಕೆಲವು ಮನೆತನಗಳು ಕುಳಿತಲ್ಲೇ ಬೇರೆ ದೇಶದವರಾದವು. ಆಮೇಲೆ ಕೂಲಿ ಅರಸಿ ಗಡಿ ದಾಟಿ ಬಂದವರು ಬಹಳ. ಸಿನಿಮಾದವರ ಹಾಲಿವುಡ್ ಇರುವುದು ನಗರದ ಒಂದು ಕಡೆ. ನದಿ ದಾಟಿ ಪೂರ್ವಕ್ಕೆ ಬಂದರೆ ಮೆಕ್ಸಿಕೊ ಮೂಲದ ದುಡಿಯುವ ಜನರ ಮನೆಗಳು. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. 1968ರಲ್ಲಿ ಇಲ್ಲಿಯ ಹೈಸ್ಕೂಲು ಮಕ್ಕಳು ಒಳ್ಳೆಯ ಪಾಠ ಬೇಕು, ನಮ್ಮ ಭಾಷೆಗೂ ಇತಿಹಾಸಕ್ಕೂ ಮರ್ಯಾದೆ ಬೇಕು ಎಂದು ತರಗತಿ ಬಿಟ್ಟು ಬೀದಿಗೆ ಬಂದರು. ಹಾಗೆ ಬಂದ ಶಾಲೆಗಳಲ್ಲಿ ಗಾರ್‌ಫೀಲ್ಡ್ ಹೈಸ್ಕೂಲ್ ಒಂದು.

ಅದೇ ಶಾಲೆಯ ಚಿತ್ರಕಲೆ ತರಗತಿಯಲ್ಲಿ ಡೇವಿಡ್ ಹಿಡಾಲ್ಗೊ ಮತ್ತು ಲೂಯಿ ಪೆರೆಜ್ ಗೆಳೆಯರಾದರು. ಬೇರೆಯವರು ಕೇಳದ ಹಾಡು ಹುಡುಕಿ ಕೇಳುವುದು ಇಬ್ಬರಿಗೂ ಗೀಳು. ಟೇಪ್ ರೆಕಾರ್ಡರ್ ಇಟ್ಟುಕೊಂಡು ತಾವೇ ಹಾಡು ಕಟ್ಟಲು ಶುರು ಮಾಡಿದರು. 1973ರ ಹೊತ್ತಿಗೆ ಸೀಸರ್ ರೋಸಾಸ್, ಕಾನ್ರಾಡ್ ಲೊಜಾನೊ, ಫ್ರಾಂಕ್ ಗೊಂಜಾಲೆಜ್ ಜೊತೆಯಾದರು. ಗೊಂಜಾಲೆಜ್ ಕೆಲವು ವರ್ಷಗಳ ನಂತರ ಬಿಟ್ಟುಹೋದ. ಉಳಿದ ನಾಲ್ವರು ಮುಂದೆ ಹತ್ತಾರು ವರ್ಷ ಜೊತೆಗೇ ನಡೆದರು.

ಆ ಕಾಲದ ಹುಡುಗರಿಗೆ ರಾಕ್ ಎಂದರೆ ಪ್ರಾಣ. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಎದೆ ನಡುಗಿಸುವ ಸದ್ದು. ಮೆಕ್ಸಿಕೊದಲ್ಲೇ ಹುಟ್ಟಿದ ಕಾರ್ಲೋಸ್ ಸಂತಾನ 1969ರಲ್ಲಿ ವುಡ್‌ಸ್ಟಾಕ್ ಸಂಗೀತ ಮೇಳದ ಭಾರಿ ಜನಸಾಗರದೆದುರು ನುಡಿಸಿ ಹೆಸರಾಗಿದ್ದ. ರಾಕ್ ಗಿಟಾರಿನ ಜೊತೆ ಕಾಂಗಾ, ಟಿಂಬಾಲೆಯಂಥ ಲ್ಯಾಟಿನ್ ಅಮೆರಿಕದ ವಾದ್ಯಗಳನ್ನು ಸೇರಿಸಿದ ಈ ಬಗೆಗೆ ಲ್ಯಾಟಿನ್ ರಾಕ್ ಎಂಬ ಹೆಸರು ನಿಂತಿತ್ತು. ಆ ದಾರಿ ಆಗಲೇ ತೆರೆದಿತ್ತು. ನಮ್ಮ ತೋಳಗಳೂ ಬೇರೆ ಬೇರೆ ರಾಕ್ ತಂಡಗಳಲ್ಲಿ ನುಡಿಸಿದವರೇ.

ಆದರೆ ಇವರು ತಿರುಗಿದ್ದು ಬೇರೆ ಕಡೆಗೆ. ಅಪ್ಪ ಅಮ್ಮ ಕೇಳುತ್ತಿದ್ದ ಹಳೆಯ ಮೆಕ್ಸಿಕೊ ಹಾಡುಗಳ ರೆಕಾರ್ಡುಗಳನ್ನು ಹಾಕಿ ಕೂತರು. ಕೇಳಿ ಕೇಳಿ ಕಲಿಯಲು ನೋಡಿದರೆ, ಮುದುಕರ ಹಾಡು ಎಂದುಕೊಂಡದ್ದು ರಾಕ್‌ಗಿಂತ ಕಷ್ಟ! ಕೈಗೆ ಬರಬೇಕಾದರೆ ವಾದ್ಯಗಳೂ ಬೇರೆಯೇ ಬೇಕು. ದೊಡ್ಡ ಹೊಟ್ಟೆಯ ಗಿಟಾರೋನ್, 12 ತಂತಿಯ ಬಾಹೊ ಸೆಕ್ಸ್ಟೊ, ಪುಟ್ಟ ಹರಾನ. ಕಡೆಗೆ ತಿದಿ ಎಳೆದು ನುಡಿಸುವ ಅಕಾರ್ಡಿಯನ್ ಹಿಡಾಲ್ಗೊನ ಕೊರಳಿಗೆ ಬಂತು.

ಇಲ್ಲೊಂದು ವಿಷಯ ನಮಗೆ ಬಹಳ ಹಿಡಿಸಿತು. ಆ ಅಕಾರ್ಡಿಯನ್ ಮೂಲತಃ ಮೆಕ್ಸಿಕೊದ್ದಲ್ಲ. ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೊಕ್ಕೆ ವಲಸೆ ಬಂದ ಜರ್ಮನ್ನರು ತಂದದ್ದು. ಅವರ ಪೋಲ್ಕಾ ಕುಣಿತದ ಲಯ ಅಲ್ಲಿಯ ರೈತಾಪಿ ಜನರ ಹಾಡಿಗೆ ಬೆರೆಯಿತು. ವೆರಾಕ್ರೂಜ್ ಕರಾವಳಿಯ 'ಸೋನ್ ಹರೋಚೊ' ಎಂಬ ಹಾಡಿನ ಬಗೆಯಲ್ಲಿ ಸ್ಪೇನಿನವರದ್ದು, ಆ ನೆಲದ ಮೂಲನಿವಾಸಿಗಳದ್ದು, ಗುಲಾಮರಾಗಿ ಬಂದ ಆಫ್ರಿಕನ್ನರದ್ದು ಮೂರೂ ಕೂಡಿದೆ. ಅಂದರೆ 'ನಮ್ಮ ಹಳೆಯದು' ಎನ್ನುವುದೂ ಒಂದು ಕಾಲಕ್ಕೆ ಹೊಸ ಬೆರಕೆಯೇ.

ಹಾಡು ಕಲಿತರು. ಇನ್ನು ಹೊಟ್ಟೆಪಾಡು. ಮದುವೆ, ನಾಮಕರಣ, ಹುಟ್ಟುಹಬ್ಬ, ಹೋಟೆಲು, ಎಲ್ಲಿ ಕರೆದರೆ ಅಲ್ಲಿ ಹೋಗಿ ನುಡಿಸಿದರು. ಇವರು ತಮಗೆ ಇಟ್ಟುಕೊಂಡ ಪೂರ್ತಿ ಹೆಸರು 'ಪೂರ್ವ ಲಾಸ್ ಏಂಜಲೀಸಿನ ತೋಳಗಳು'. ಉತ್ತರ ಮೆಕ್ಸಿಕೊ ಶೈಲಿಯ ಒಂದು ತಂಡಕ್ಕೆ 'ಉತ್ತರದ ತೋಳಗಳು' ಎಂಬ ಹೆಸರಿತ್ತು, ಅದರ ತಮಾಷೆಯ ನಕಲು ಇದು. ಉದ್ದ ಕೂದಲಿನ ಹುಡುಗರು ಅಜ್ಜಿಯರ ಕಾಲದ ಹಾಡು ನುಡಿಸಿದರೆ ಮದುವೆ ಮನೆಯಲ್ಲಿ ಹೇಗಿದ್ದೀತು, ನೀವೇ ಊಹಿಸಿ.

ಮದುವೆ ಮನೆಯ ಕೇಳುಗರನ್ನು ಮೆಚ್ಚಿಸುವುದು ಸುಲಭವಲ್ಲ. ಟಿಕೆಟ್ ತೆಗೆದುಕೊಂಡು ಬಂದವರಲ್ಲ ಅವರು. ಊಟದ ಕಡೆ ಗಮನ, ನೆಂಟರ ಕಡೆ ಮಾತು. ಹಾಡು ಚೆನ್ನಾಗಿದ್ದರೆ ಎದ್ದು ಕುಣಿಯುತ್ತಾರೆ, ಇಲ್ಲದಿದ್ದರೆ ತಿರುಗಿಯೂ ನೋಡುವುದಿಲ್ಲ. ಆ ಶಾಲೆಯಲ್ಲಿ ಇವರು ಏಳೆಂಟು ವರ್ಷ ಕಳೆದರು. 1978ರಲ್ಲಿ ದೊಡ್ಡ ಕಂಪನಿಯ ಹಂಗಿಲ್ಲದೆ ಮೊದಲ ರೆಕಾರ್ಡು ತಂದರು. ಅದರಲ್ಲಿ ಮೆಕ್ಸಿಕೊದ ಬೇರೆ ಬೇರೆ ಸೀಮೆಯ ಜನಪದ ಹಾಡುಗಳಿದ್ದವು.

ಆಮೇಲೆ ಮತ್ತೆ ಎಲೆಕ್ಟ್ರಿಕ್ ಗಿಟಾರು ಕೈಗೆ ಬಂತು. ಡ್ರಮ್ಮು ಬಾರಿಸಲು ಜನ ಬೇಕಿತ್ತು, ಲೂಯಿ ಪೆರೆಜ್ ತಾನೇ ಕೂತ. ಮೇ 1980ರಲ್ಲಿ ನಗರದ ಒಲಿಂಪಿಕ್ ಆಡಿಟೋರಿಯಮ್ಮಿನಲ್ಲಿ ಬ್ರಿಟನ್ನಿನ ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದ ಕಾರ್ಯಕ್ರಮವಿತ್ತು. ಅದಕ್ಕೂ ಮುಂಚೆ ನುಡಿಸಲು ಇವರಿಗೆ ಕರೆ ಬಂತು. ಇವರು ತೆಗೆದುಕೊಂಡು ಹೋದದ್ದು ಮೆಕ್ಸಿಕೊ ಜನಪದವನ್ನೇ. ನೆರೆದಿದ್ದ ಪಂಕ್ ಸಂಗೀತದ ಹುಚ್ಚಿನ ಹುಡುಗರು ಕೂಗಿ, ಉಗಿದು, ಕೈಗೆ ಸಿಕ್ಕಿದ್ದನ್ನೆಲ್ಲ ವೇದಿಕೆಯ ಮೇಲೆ ಎಸೆದರು.

ಅಂಥ ಏಟು ಬಿದ್ದರೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ನಮ್ಮ ಹಾಡಿಗೆ ಇಲ್ಲಿ ಬೆಲೆಯಿಲ್ಲ ಎಂದು ಮನೆಗೆ ಹೋಗುವುದು ಒಂದು, ಅವರಂತೆಯೇ ಆಗಿಬಿಡುವುದು ಇನ್ನೊಂದು. ತೋಳಗಳು ಎರಡನ್ನೂ ಮಾಡಲಿಲ್ಲ. ಅದೇ ಪಂಕ್ ಹುಡುಗರು ಸೇರುವ ಕ್ಲಬ್ಬುಗಳಿಗೆ ಮತ್ತೆ ಹೋದರು. ಅಕಾರ್ಡಿಯನ್ ಬಿಡಲಿಲ್ಲ, ಗಿಟಾರಿನ ಸದ್ದು ಏರಿಸಿದರು. ಬ್ಲಾಸ್ಟರ್ಸ್ ಎಂಬ ಸ್ಥಳೀಯ ತಂಡದವರು ಇವರನ್ನು ಕರೆದು ತಮ್ಮ ವೇದಿಕೆ ಕೊಟ್ಟರು. ಆ ತಂಡದಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ ಸ್ಟೀವ್ ಬರ್ಲಿನ್ ಕಡೆಗೆ ಇವರ ಜೊತೆಗೇ ಬಂದುಬಿಟ್ಟ. ಮೆಕ್ಸಿಕೊ ಮೂಲದವನಲ್ಲದ ಆತ ಐದನೆಯ ತೋಳನಾದ.

1983ರಲ್ಲಿ ಸ್ಲ್ಯಾಶ್ ಎಂಬ ಸಣ್ಣ ಕಂಪನಿ ಇವರ ಏಳು ಹಾಡಿನ ರೆಕಾರ್ಡು ತಂದಿತು. ಅದರಲ್ಲಿದ್ದ 'ಅನ್ಸೆಲ್ಮಾ' ಎಂಬ ಸ್ಪ್ಯಾನಿಷ್ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಮೆಕ್ಸಿಕನ್ ಅಮೆರಿಕನ್ ಸಂಗೀತಕ್ಕೆಂದು ಆ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲು. ಮಾರಾಟವಾದದ್ದು ಸುಮಾರು 50,000 ಪ್ರತಿ. ಅಮೆರಿಕದ ಲೆಕ್ಕದಲ್ಲಿ ಅದು ದೊಡ್ಡ ಸಂಖ್ಯೆಯಲ್ಲ. ಬಂದ ಹಣದಲ್ಲಿ ಇವರು ಒಂದು ಡಾಡ್ಜ್ ವ್ಯಾನು ಕೊಂಡರು. ವಾದ್ಯಗಳನ್ನು ತುಂಬಿಕೊಂಡು ದೇಶ ಸುತ್ತಲು ಹೊರಟರು. ಬ್ಯಾಂಡು ಹುಟ್ಟಿ ಹತ್ತು ವರ್ಷ ಕಳೆದ ಮೇಲೆ!

1984ರಲ್ಲಿ ಬಂದ ಆಲ್ಬಮ್ಮಿನ ಹೆಸರು 'ತೋಳ ಬದುಕುವುದು ಹೇಗೆ?' ಎಂಬ ಅರ್ಥದ್ದು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ತೋಳಗಳಿಗೆ ನೆಲೆ ಕಡಿಮೆಯಾಗುತ್ತಿರುವ ಬಗ್ಗೆ ಬಂದ ಲೇಖನವೇ ಅದಕ್ಕೆ ಪ್ರೇರಣೆ. ಅಮೆರಿಕದಲ್ಲಿ ಗೆಲ್ಲಬೇಕು, ಬೇರನ್ನೂ ಕಳೆದುಕೊಳ್ಳಬಾರದು ಎಂಬ ತಮ್ಮ ಪಾಡನ್ನು ಅವರು ಆ ಪ್ರಾಣಿಯಲ್ಲಿ ಕಂಡರು.

ಈಗ 'ಲಾ ಬಾಂಬಾ'ಗೆ ಬರೋಣ. ಅದು ವೆರಾಕ್ರೂಜ್‌ನ ಹಳೆಯ ಜನಪದ ಹಾಡು, ಮದುವೆ ಮನೆಯದ್ದೇ. ವಧೂವರರು ಕುಣಿಯುತ್ತ, ನೆಲದ ಮೇಲಿಟ್ಟ ರಿಬ್ಬನ್ನನ್ನು ಕೈ ತಾಗಿಸದೆ ಬರೀ ಕಾಲಿನಿಂದ ಗಂಟು ಹಾಕುವ ಆಟ ಅಲ್ಲಿದೆ. ಇದೇ ಹಾಡನ್ನು 1958ರಲ್ಲಿ ಲಾಸ್ ಏಂಜಲೀಸಿನ ರಿಚಿ ವ್ಯಾಲೆನ್ಸ್ ಎಂಬ ಹುಡುಗ ರಾಕ್ ಮಾಡಿ ಹಾಡಿದ. ಅವನ ನಿಜವಾದ ಮನೆತನದ ಹೆಸರು ವ್ಯಾಲೆನ್ಸುವೆಲಾ. ಮೆಕ್ಸಿಕೊ ವಾಸನೆ ಹೊಡೆಯದಿರಲೆಂದು ರೆಕಾರ್ಡು ಕಂಪನಿಯವನು ಅದನ್ನು ಮೊಟಕು ಮಾಡಿದ್ದ. ಮರುವರ್ಷದ ಫೆಬ್ರುವರಿ 3ರಂದು ವಿಮಾನ ಬಿದ್ದು ಹುಡುಗ ತೀರಿಹೋದ. ಅವನಿಗಿನ್ನೂ 17.

1987ರಲ್ಲಿ ಲೂಯಿಸ್ ವಾಲ್ಡೆಜ್ ರಿಚಿಯ ಬದುಕನ್ನು ಸಿನಿಮಾ ಮಾಡಿದಾಗ ಹಾಡುಗಳನ್ನು ನುಡಿಸಿದವರು ಲಾಸ್ ಲೋಬೋಸ್. 'ಲಾ ಬಾಂಬಾ' ಆ ಬೇಸಗೆಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಒಂದನೇ ಸ್ಥಾನಕ್ಕೆ ಏರಿ ಮೂರು ವಾರ ನಿಂತಿತು. ಪೂರ್ತಿ ಸ್ಪ್ಯಾನಿಷ್‌ನಲ್ಲಿರುವ ಹಾಡು ಅಲ್ಲಿಗೆ ಏರಿದ್ದು ಅದೇ ಮೊದಲು. ಹಾಡಿನ ಕೊನೆಯನ್ನು ಗಮನವಿಟ್ಟು ಕೇಳಿ. ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು ಹಿಂದೆ ಸರಿಯುತ್ತವೆ. ಹರಾನದಂಥ ಸಣ್ಣ ವಾದ್ಯಗಳು ಮುಂದೆ ಬಂದು, ವೆರಾಕ್ರೂಜ್‌ನ ಹಳೆಯ ಧಾಟಿಯಲ್ಲಿ ಹಾಡು ಮುಗಿಯುತ್ತದೆ. ಜಗತ್ತೆಲ್ಲ ಕುಣಿದ ಆ ಹಾಡಿನ ಬಾಲದಲ್ಲಿ ಅದರ ಹುಟ್ಟೂರನ್ನು ಕಟ್ಟಿ ಕಳಿಸಿದ್ದರು.

ಒಂದನೇ ಸ್ಥಾನ ಸಿಕ್ಕ ಮೇಲೆ ಯಾರಾದರೂ ಏನು ಮಾಡುತ್ತಾರೆ? ಅಂಥದ್ದೇ ಇನ್ನೊಂದು ಹಾಡು. ಮಾರುಕಟ್ಟೆ ಕಾಯುತ್ತಿರುವುದೂ ಅದಕ್ಕೇ. ಇವರು ಮರುವರ್ಷ, 1988ರಲ್ಲಿ, 'ಲಾ ಪಿಸ್ತೋಲಾ ಇ ಎಲ್ ಕೊರಾಸೋನ್' ಎಂಬ ಆಲ್ಬಮ್ ತಂದರು. ಹೆಸರಿನ ಅರ್ಥ ಪಿಸ್ತೂಲು ಮತ್ತು ಹೃದಯ. ಎಲೆಕ್ಟ್ರಿಕ್ ಗಿಟಾರಿಲ್ಲ, ಇಂಗ್ಲಿಷ್ ಇಲ್ಲ. ಮದುವೆ ಮನೆಗಳಲ್ಲಿ ನುಡಿಸುತ್ತಿದ್ದಂಥ ಜನಪದ ಹಾಡುಗಳು, ಅದೇ ಧಾಟಿಯಲ್ಲಿ ತಾವು ಕಟ್ಟಿದ ಒಂದೆರಡು. 'ಲಾ ಬಾಂಬಾ'ದ ಮಾರಾಟದ ಹತ್ತಿರಕ್ಕೂ ಅದು ಬರಲಿಲ್ಲ. ಗ್ರ್ಯಾಮಿ ಮಾತ್ರ ಬಂತು.

ಈ ಕತೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದೇ ತಿರುವು. ಹೆಸರು ಬಂದ ಮೇಲೆ ಊರನ್ನು ನೆನೆಯುವವರು ಬಹಳ ಜನ ಇದ್ದಾರೆ. ಸನ್ಮಾನದ ವೇದಿಕೆಯಲ್ಲಿ ಕಣ್ಣೀರು ತಂದುಕೊಂಡು ಎರಡು ಮಾತಾಡಿದರೆ ಅದು ಮುಗಿಯುತ್ತದೆ. ಇವರು ಬಂದ ಹೆಸರನ್ನೇ ಬಂಡವಾಳ ಮಾಡಿ ಹಳೆಯ ಹಾಡಿನ ಮೇಲೆ ಹಾಕಿದರು. ಆ ಬಂಡವಾಳ ದುಡ್ಡಾಗಿ ವಾಪಸು ಬರುವುದಿಲ್ಲವೆಂದು ಊಹಿಸುವುದು ಅವರಿಗೆ ಕಷ್ಟವೇನೂ ಆಗಿರಲಿಕ್ಕಿಲ್ಲ.

ಹಾಗಂತ ಹಳೆಯದಕ್ಕೇ ಅಂಟಿಕೊಂಡು ಕೂತವರೂ ಅಲ್ಲ. 1992ರ 'ಕೀಕೊ' ಆಲ್ಬಮ್ಮಿನಲ್ಲಿ ರಾಕ್, ಜಾಜ್, ಬ್ಲೂಸ್, ಜನಪದ ಎಲ್ಲವೂ ಕನಸಿನಲ್ಲಿ ಕಲೆತ ಹಾಗೆ ಕೇಳುತ್ತವೆ. ವಿಮರ್ಶಕರು ಬಹಳ ಮೆಚ್ಚಿದ ಕೆಲಸ ಅದು. 1995ರಲ್ಲಿ ತಮಗಿಂತ ಹಿಂದಿನ ತಲೆಮಾರಿನ ಹಾಡುಗಾರ ಲಾಲೊ ಗೆರೇರೊ ಜೊತೆ ಮಕ್ಕಳಿಗಾಗಿ ಒಂದು ಆಲ್ಬಮ್ ಮಾಡಿದರು. ಅದೇ ವರ್ಷದ 'ಡೆಸ್ಪರಾಡೊ' ಸಿನಿಮಾದ ಸಂಗೀತಕ್ಕೂ ಗ್ರ್ಯಾಮಿ ಸಿಕ್ಕಿತು. 2021ರಲ್ಲಿ ತಮ್ಮ ಊರು ಲಾಸ್ ಏಂಜಲೀಸಿನ ಬೇರೆ ಬೇರೆ ಹಾಡುಗಾರರ ಹಾಡುಗಳನ್ನು ಆರಿಸಿ 'ನೇಟಿವ್ ಸನ್ಸ್' ತಂದರು. ಅದಕ್ಕೂ ಒಂದು ಗ್ರ್ಯಾಮಿ. ಅದೇ ವರ್ಷ ಅಮೆರಿಕ ಸರ್ಕಾರ ಜನಪದ ಮತ್ತು ಪಾರಂಪರಿಕ ಕಲಾವಿದರಿಗೆ ಕೊಡುವ ದೊಡ್ಡ ಗೌರವ, ನ್ಯಾಷನಲ್ ಹೆರಿಟೇಜ್ ಫೆಲೋಶಿಪ್, ಇವರಿಗೆ ಬಂತು. ರಾಕ್ ಬ್ಯಾಂಡೊಂದಕ್ಕೆ ಜನಪದ ಕಲಾವಿದರ ಗೌರವ! 2023ಕ್ಕೆ ಬ್ಯಾಂಡಿಗೆ 50 ವರ್ಷ ತುಂಬಿತು.

ನಾವು ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಓದು ಮುಗಿಸಿ ಊರ ಸುದ್ದಿ ಬರೆಯುತ್ತೇವೆ ಎಂದಾಗ ನಮಗೂ ಬುದ್ಧಿ ಹೇಳಿದವರು ಬಹಳ. ಊರಿನ ಸುದ್ದಿ ಯಾರಿಗೆ ಬೇಕು, ಪೇಟೆಯವರಿಗೆ ರುಚಿಸುವಂತೆ ಬರೆದರೆ ಬದುಕಿಕೊಳ್ಳುತ್ತೀರಿ ಎಂದರು. ಊರಲ್ಲೇ ಇರುವುದಾದರೆ ಹೊಸದೇನೂ ಮಾಡಲು ಹೋಗಬೇಡಿ ಎಂದವರೂ ಇದ್ದಾರೆ. ತೋಳಗಳ ಕತೆ ಓದಿದ ಮೇಲೆ ಈ ಎರಡೂ ಬುದ್ಧಿಮಾತುಗಳ ಭಾರ ಸ್ವಲ್ಪ ಇಳಿದಿದೆ. ಮದುವೆ ಮನೆಯಲ್ಲಿ ಕಲಿತದ್ದನ್ನು ದೊಡ್ಡ ವೇದಿಕೆಗೆ ಒಯ್ಯಬಹುದು, ಅಲ್ಲಿ ಕಲಿತದ್ದನ್ನು ಮದುವೆ ಮನೆಗೆ ತರಲೂಬಹುದು. ಹಾದಿಯ ಖರ್ಚಿಗೆ ಒಂದು ವ್ಯಾನು ಸಿಗಲು ಹತ್ತು ವರ್ಷ ಹಿಡಿಯಬಹುದು, ಅಷ್ಟೇ.

ಇವತ್ತು ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಡೇಟಾ ಉಳಿದಿದ್ದರೆ ಮೊದಲು 'ಲಾ ಬಾಂಬಾ' ಹಾಕಿ, ಆಮೇಲೆ 'ಲಾ ಪಿಸ್ತೋಲಾ ಇ ಎಲ್ ಕೊರಾಸೋನ್'. ಭಾಷೆ ತಿಳಿಯದಿದ್ದರೂ ಪರವಾಗಿಲ್ಲ, ನಮಗೂ ತಿಳಿಯುವುದಿಲ್ಲ. ಮನೆಯಲ್ಲಿ ಹಿರಿಯರು ಎಚ್ಚರವಿದ್ದರೆ ಇಯರ್‌ಫೋನ್ ತೆಗೆದು ಅವರಿಗೂ ಕೇಳಿಸಿ. ಏನಂದರು ಎಂದು ನಮಗೆ ಬರೆದು ತಿಳಿಸಿ.