ದೇವರನ್ನು ಎತ್ತಿ ಆಡಿಸಿದ ಕೈ

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಜನನದ ಹಬ್ಬ. ಆ ದಿನ ರಾಣೆಬೆನ್ನೂರಿನಿಂದ ಕುಮಾರಪಟ್ಟಣ ದಾಟಿ, ತುಂಗಭದ್ರೆಯ ಸೇತುವೆ ಹಾಯ್ದು ಹರಿಹರಕ್ಕೆ ಹೋದರೆ ಆರೋಗ್ಯ ಮಾತೆಯ ಗುಡಿಯ ಮುಂದೆ ನಮ್ಮ ಹಾವೇರಿ ಜಿಲ್ಲೆಯವರೇ ಎಷ್ಟೋ ಮಂದಿ ಸಿಗುತ್ತಾರೆ. ಅವರಲ್ಲಿ ಜಪಸರ ಹಿಡಿದವರಿದ್ದಾರೆ, ಹಣೆಗೆ ವಿಭೂತಿ ಹಚ್ಚಿದವರೂ ಇದ್ದಾರೆ.

ಒಂದು ವರ್ಷ ಸರದಿಯಲ್ಲಿ ಬ್ಯಾಡಗಿಯ ಹೆಣ್ಣುಮಗಳೊಬ್ಬಳು ನನ್ನ ಮುಂದೆ ನಿಂತಿದ್ದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಆಕೆಯ ಕೆಲಸ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಕೂಸನ್ನು ಮೊಣಕೈ ಮೇಲೆ ಆನಿಸಿಕೊಂಡಿದ್ದಳೇ ಹೊರತು ಅದರ ಮುಖಕ್ಕೆ ಬೆರಳು ತಾಗಿಸುತ್ತಿರಲಿಲ್ಲ. ಸುರಿಯುವ ಮೂಗನ್ನು ಸೆರಗಿನ ತುದಿಯಿಂದಲೇ ಒರೆಸುತ್ತಿದ್ದಳು. “ಎಷ್ಟ್ ತೊಳದ್ರೂ ಖಾರ ಹೋಗೂದಿಲ್ರಿ, ಮುಟ್ಟಿದ್ರ ಕೂಸು ಚೀರತೈತಿ” ಎಂದಳು. ಆಮೇಲೆ ಗುಡಿಯ ಕಡೆ ನೋಡಿ, “ಈಕೀಗೆ ಹೇಳಿದ್ರ ತಿಳೀತೈತ್ರಿ. ಈಕೀನೂ ಕೂಸು ಎತ್ತಿಕೊಂಡಾಕಿ” ಎಂದಳು.

ಕ್ರಿ.ಶ. 431ರಲ್ಲಿ ಎಫೆಸ ಪಟ್ಟಣದಲ್ಲಿ ಧರ್ಮಾಧ್ಯಕ್ಷರು ಸೇರಿ ವಾದಿಸಿದ್ದು ಆಕೆ ಎತ್ತಿಕೊಂಡ ಕೂಸು ಯಾರು ಎಂಬುದನ್ನೇ. ಮರಿಯಳನ್ನು ಕ್ರಿಸ್ತನ ತಾಯಿ ಎನ್ನಿ, ದೇವರ ತಾಯಿ ಎನ್ನಬೇಡಿ ಎಂಬುದು ಕಾನ್‌ಸ್ಟಾಂಟಿನೋಪಲಿನ ನೆಸ್ಟೋರಿಯಸನ ಪಟ್ಟು. ಅಲೆಕ್ಸಾಂಡ್ರಿಯದ ಸಿರಿಲ್ ಒಪ್ಪಲಿಲ್ಲ. ಹುಟ್ಟಿದವನು ಒಬ್ಬನೇ, ಅವನು ದೇವರೇ ಆಗಿದ್ದರೆ ಹೆತ್ತವಳು ದೇವರ ತಾಯಿಯೇ. ಸಭೆ ಸಿರಿಲನ ಮಾತನ್ನು ಎತ್ತಿಹಿಡಿಯಿತು. ಬೆಳಗಿನಿಂದ ಕಾದಿದ್ದ ಊರಿನ ಜನ ಸಂಜೆ ದೀವಟಿಗೆ ಹಿಡಿದು ಧರ್ಮಾಧ್ಯಕ್ಷರನ್ನು ಬಿಡಾರಕ್ಕೆ ಕರೆದೊಯ್ದರು, ಹೆಂಗಸರು ಧೂಪ ಹಿಡಿದು ಮುಂದೆ ನಡೆದರು ಎಂದು ಸಿರಿಲನೇ ಬರೆದಿದ್ದಾನೆ. ಆ ಹೆಂಗಸರ ಸಂತೋಷ ನನಗೆ ಅರ್ಥವಾಗುತ್ತದೆ. ದೇವರಿಗೂ ಹಸಿವಾಗಿತ್ತು, ಅವನಿಗೂ ಒಬ್ಬಳು ಹಾಲೂಡಿಸಿದಳು, ಮೈ ತೊಳೆದಳು ಎಂಬುದನ್ನು ಅಂದು ಅಷ್ಟು ದೊಡ್ಡ ಸಭೆ ಒಪ್ಪಿಕೊಂಡಿತ್ತು.

ನಮ್ಮ ಕಡೆ ಊರಿಗೊಬ್ಬಳು ಅಮ್ಮ ಇದ್ದಾಳೆ. ಹಾಗಾಗಿ ಮರಿಯಮ್ಮನನ್ನೂ ಆ ಸಾಲಿಗೆ ಸೇರಿಸುವುದು ಜನರಿಗೆ ಸಹಜ. ಅವರ ಭಕ್ತಿಗೆ ನಾನು ಕೈಮುಗಿಯುತ್ತೇನೆ, ಆದರೂ ವ್ಯತ್ಯಾಸವನ್ನು ಹೇಳಲೇಬೇಕು. ಮರಿಯಮ್ಮ ತನ್ನ ಶಕ್ತಿಯಿಂದ ವರ ಕೊಡುವವಳಲ್ಲ, ನಮ್ಮ ಪರವಾಗಿ ಮಗನನ್ನು ಕೇಳುವವಳು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದ್ದು ಮೊದಲು ಆಕೆಯ ಕಣ್ಣಿಗೆ ಬಿತ್ತು. ನಮ್ಮ ಮದುವೆಮನೆಗಳಲ್ಲೂ ಅಡುಗೆ ಸಾಲದೆಂಬ ಸುದ್ದಿ ಪಂಕ್ತಿಗೆ ಮುಟ್ಟುವ ಮೊದಲೇ ಯಾವಳೋ ಒಬ್ಬ ಅತ್ತೆಗೆ ತಿಳಿದಿರುತ್ತದೆ. ಮರಿಯ ಮಗನಿಗೆ ವಿಷಯ ತಿಳಿಸಿದಳು, ಅವನು ಹೇಳಿದಂತೆ ಮಾಡಿರೆಂದು ಬಡಿಸುವವರಿಗೆ ಹೇಳಿದಳು. ಯೊವಾನ್ನನ ಶುಭಸಂದೇಶದಲ್ಲಿ ಅದರಾಚೆಗೆ ಆಕೆಯ ಒಂದು ಮಾತೂ ಇಲ್ಲ. ಶಿಲುಬೆಯ ಬುಡದಲ್ಲಿ ಸುಮ್ಮನೆ ನಿಂತಿದ್ದಾಳೆ.

ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಪರಂಪರೆಯಿಂದ ಬಂದ ನನ್ನ ಬಂಧುಗಳಿದ್ದಾರೆ. ಆಕೆಗೆ ಪ್ರಾರ್ಥನೆ ಏಕೆ, ನೇರವಾಗಿ ಯೇಸುವಿಗೇ ಹೇಳಬಾರದೆ ಎಂದು ಅವರು ಕೇಳುತ್ತಾರೆ. ಹೇಳಬಹುದು, ಹೇಳಲೂಬೇಕು. ಆದರೆ ಪ್ರಾರ್ಥನೆಯ ಜಗಳದಲ್ಲಿ ತಾಯಿಯನ್ನೇ ಮನೆಯಿಂದ ಆಚೆ ಇಡುವುದು ಸರಿಯಲ್ಲ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಕೂಡ ಆಕೆಯನ್ನು ದೇವಮಾತೆ ಎಂದೇ ಕರೆದ. 1521ರಲ್ಲಿ ಆಕೆಯ ಸ್ತುತಿಗೀತೆಗೆ ವ್ಯಾಖ್ಯಾನವನ್ನೂ ಪ್ರಕಟಿಸಿದ.

ಆ ಗೀತೆ ಲೂಕನ ಮೊದಲ ಅಧ್ಯಾಯದಲ್ಲಿದೆ. ಹಸಿದವರ ಹೊಟ್ಟೆ ತುಂಬುವುದನ್ನೂ ಗದ್ದುಗೆಯ ಮೇಲಿದ್ದವರು ಕೆಳಗಿಳಿಯುವುದನ್ನೂ ಹಾಡುವ ಬಡ ಹುಡುಗಿ ಅಲ್ಲಿದ್ದಾಳೆ. ಕೂಲಿಯ ಕೈ ಉರಿಯುವವರಿಗೆ ಆ ಹಾಡು ತಲುಪಬೇಕು. ಈ ಡಿಸೆಂಬರಿನಲ್ಲಿ ಹಾವೇರಿ, ರಾಣೆಬೆನ್ನೂರಿನ ಕಥೋಲಿಕ, ಪ್ರೊಟೆಸ್ಟಂಟ್ ಎರಡೂ ಕಡೆಯ ಕ್ರೈಸ್ತರು ಒಂದು ಸಂಜೆಯಾದರೂ ಕೂಡಿ ಕುಳಿತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಲಿ.